ಮೊರ್ಗೊನ್‌ನ ವೈನ್ ಮನೆಯಲ್ಲಿ: ದ್ರಾಕ್ಷಿ ಒಡೆಯದಂತೆ ಕಾಯುವ ಕೆಲಸ

ಕೆಂಪು ವೈನ್ ಅಂದರೆ ದ್ರಾಕ್ಷಿಯನ್ನು ತೊಟ್ಟಿನಿಂದ ಬಿಡಿಸಿ, ಹಿಸುಕಿ, ಟ್ಯಾಂಕಿಗೆ ಹಾಕುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಫ್ರಾನ್ಸಿನ ಬೋರ್ಡೋದಲ್ಲಿ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ನಾನು ಕೊಯ್ಲಿನ ಕಾಲದಲ್ಲಿ ಕೆಲಸ ಮಾಡಿದ್ದು ಲಿಯೋನ್ ನಗರದ ಉತ್ತರಕ್ಕಿರುವ ಬೋಜೊಲೆ ಸೀಮೆಯಲ್ಲಿ, ಮೊರ್ಗೊನ್‌ನ ಒಂದು ಸಣ್ಣ ತೋಟದಲ್ಲಿ. ಅಲ್ಲಿ ಮೊದಲ ನಿಯಮವೇ ಬೇರೆ: ಹಣ್ಣು ಒಡೆಯಬಾರದು.

ಅಲ್ಲಿನ ದ್ರಾಕ್ಷಿ ಗಮೇ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ತಳಿ ಕೆಟ್ಟದ್ದು ಅಂತ ತನ್ನ ಸೀಮೆಯಿಂದ ಕೀಳಿಸಲು ಆಜ್ಞೆ ಹೊರಡಿಸಿದ್ದ. ಬೋಜೊಲೆಯ ಗ್ರಾನೈಟ್ ಮಣ್ಣಲ್ಲಿ ಅದೇ ಗಮೇ ಎಷ್ಟು ಚೆನ್ನಾಗಿ ಬರುತ್ತದೆ ಅಂತ ನೋಡಿದರೆ, ತಪ್ಪು ತಳಿಯದ್ದಲ್ಲ ಅನ್ನಿಸುತ್ತದೆ.

ಬಳ್ಳಿಗಳು ಗಿಡ್ಡ. ಬೆನ್ನು ಬಗ್ಗಿಸಿಯೇ ಕೊಯ್ಯಬೇಕು. ಗೊಂಚಲುಗಳನ್ನು ಆಳವಿಲ್ಲದ ಕ್ರೇಟುಗಳಲ್ಲಿ ಇಡುತ್ತೇವೆ, ಜಾಸ್ತಿ ಪೇರಿಸಿದರೆ ಕೆಳಗಿನವು ನಜ್ಜಾಗುತ್ತವೆ. ಆಮೇಲೆ ಗೊಂಚಲು ಗೊಂಚಲಾಗಿಯೇ ಟ್ಯಾಂಕಿಗೆ.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಟ್ಯಾಂಕಿನ ತಳದಲ್ಲಿ ಭಾರಕ್ಕೆ ಒಂದಷ್ಟು ಹಣ್ಣು ಒಡೆದು ರಸ ಬಿಡುತ್ತದೆ. ಸಿಪ್ಪೆಯ ಮೇಲೆ, ವೈನ್ ಮನೆಯಲ್ಲಿ ಇರುವ ಯೀಸ್ಟಿನಿಂದಲೇ ಆ ರಸ ಹುದುಗಲು ಶುರುವಾಗುತ್ತದೆ. ಅದರಿಂದ ಏಳುವ ಕಾರ್ಬನ್ ಡೈಆಕ್ಸೈಡ್ ಟ್ಯಾಂಕನ್ನೆಲ್ಲ ತುಂಬಿಕೊಳ್ಳುತ್ತದೆ. ಮೇಲಿರುವ ಇಡೀ ಹಣ್ಣುಗಳಿಗೆ ಆಮ್ಲಜನಕ ಸಿಗುವುದಿಲ್ಲ. ಆಗ ಹಣ್ಣಿನೊಳಗಿನ ಕಿಣ್ವಗಳೇ, ಯೀಸ್ಟ್ ಇಲ್ಲದೆ, ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತವೆ. ಸುಮಾರು ಶೇಕಡ 2ರವರೆಗೆ, ಅಷ್ಟೇ. ಜೊತೆಗೆ ಹಣ್ಣಿನ ಹುಳಿಯಾದ ಮ್ಯಾಲಿಕ್ ಆಮ್ಲವೂ ಸ್ವಲ್ಪ ಇಳಿಯುತ್ತದೆ. ಬೋಜೊಲೆಯ ಆ ಘಮ ಘಮ ಹಣ್ಣಿನ ವಾಸನೆ, ಒಗರು ಕಡಿಮೆ ಇರುವ ರುಚಿ ಬರುವುದು ಬಹುಪಾಲು ಇಲ್ಲಿಂದಲೇ.

ನನ್ನ ಕೆಲಸ ದಿನಾ ಬೆಳಿಗ್ಗೆ ತಳದ ನಲ್ಲಿಯಿಂದ ರಸ ಹಿಡಿದು ಸಾಂದ್ರತೆ (ಸಕ್ಕರೆ ಎಷ್ಟು ಉಳಿದಿದೆ ಅಂತ ಅದರಿಂದ ಗೊತ್ತಾಗುತ್ತದೆ), ಉಷ್ಣತೆ ಬರೆದಿಡುವುದು, ರುಚಿ ನೋಡುವುದು. ಆದರೆ ಈ ಅಳತೆಯನ್ನಷ್ಟೇ ನಂಬುವ ಹಾಗಿಲ್ಲ. ರಸದಲ್ಲಿ ಸಕ್ಕರೆ ಮುಗಿಯುತ್ತಾ ಬಂದಿದ್ದರೂ ಒಡೆಯದ ಹಣ್ಣಿನೊಳಗೆ ಇನ್ನೂ ಬೇಕಾದಷ್ಟು ಇರುತ್ತದೆ. ಅದಕ್ಕೇ ಮೇಲಿಂದ ಒಂದು ಗೊಂಚಲು ತೆಗೆದು ಹಣ್ಣು ಬಿಡಿಸಿ ನೋಡುತ್ತಿದ್ದೆವು. ಸಿಪ್ಪೆಯ ಬಣ್ಣ ಒಳಗಿಳಿದು ತಿರುಳು ಕೆಂಪಗಾಗಿರಬೇಕು. ಯಾವಾಗ ರಸ ಹಿಂಡುವ ಪ್ರೆಸ್‌ಗೆ ಹಾಕಬೇಕು ಅನ್ನುವುದನ್ನು ಯಜಮಾನರು ನಾಲಿಗೆಯಿಂದಲೇ ತೀರ್ಮಾನಿಸುತ್ತಿದ್ದರು. ಕೊಯ್ದ ವರ್ಷವೇ ಕುಡಿಯಲು ಬಿಡುವ ನೊವೊ ವೈನಿಗೆ ಕೆಲವೇ ದಿನ ಸಾಕು. ಮೊರ್ಗೊನ್‌ಗೆ ಎರಡು ವಾರದ ಹತ್ತಿರ, ಕೆಲವೊಮ್ಮೆ ಇನ್ನೂ ಜಾಸ್ತಿ.

ವೈನ್ ಕೆಡದಂತೆ ಬಳಸುವ ಗಂಧಕ ಹಾಕದೆ ಹೀಗೆ ಮಾಡುವ ದಾರಿಯನ್ನು ರಸಾಯನ ಶಾಸ್ತ್ರ ಬಲ್ಲ ಜೂಲ್ ಶೋವೆ ಆಳವಾಗಿ ಅಭ್ಯಾಸ ಮಾಡಿದ್ದರು. ಮೊರ್ಗೊನ್‌ನ ಮಾರ್ಸೆಲ್ ಲಾಪಿಯೇರ್ ಅದನ್ನು 1980ರ ದಶಕದಲ್ಲಿ ತಮ್ಮ ವೈನಿನಲ್ಲಿ ಮಾಡಿ ತೋರಿಸಿದರು. ಇದಕ್ಕೆ ಬೇಕಾದ ಶುಚಿ ಸುಮ್ನೆ ಅಲ್ಲ. ಕೊಳೆತ ಹಣ್ಣನ್ನು ಆರಿಸಿ ಬಿಸಾಡಬೇಕು, ಪೈಪು, ಬಕೆಟ್ಟು ಎಲ್ಲ ತೊಳೆದದ್ದೇ ತೊಳೆದದ್ದು. ವಿನೆಗರ್ ವಾಸನೆ ಒಮ್ಮೆ ಹೊಕ್ಕರೆ ಹೋಗುವುದಿಲ್ಲ.

ಟ್ಯಾಂಕ್ ಖಾಲಿ ಮಾಡುವಾಗ ಜೀವ ಕೈಯಲ್ಲಿ ಹಿಡಿದಿರಬೇಕು. ಉಸಿರು ಕಟ್ಟಿಸುವ ಆ ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ತಳದಲ್ಲೇ ನಿಂತಿರುತ್ತದೆ. ಫ್ಯಾನ್ ಹಚ್ಚಿ, ಮೀಟರ್ ನೋಡಿ, ಹೊರಗೆ ಒಬ್ಬರು ನಿಂತ ಮೇಲೆಯೇ ಒಳಗೆ ಇಳಿಯುವುದು.

ಪ್ರೆಸ್ಸಿನಿಂದ ಮೊದಲು ಇಳಿಯುವ ರಸಕ್ಕೆ ಅಲ್ಲಿ ಪರಾದಿ ಅನ್ನುತ್ತಾರೆ. ಬೆಚ್ಚಗೆ, ಸಿಹಿಯಾಗಿ, ನಾಲಿಗೆ ಮೇಲೆ ಚುರುಗುಟ್ಟುತ್ತದೆ. ಉಳಿದ ಸಕ್ಕರೆ ಆಮೇಲೆ ಯೀಸ್ಟಿನ ಪಾಲು. ಅದು ಮುಗಿದ ಮೇಲೆ ಹಳೆಯ ಮರದ ಪೀಪಾಯಿಗಳಲ್ಲಿ ಚಳಿಗಾಲ ಕಳೆಯಲು ಬಿಡುತ್ತೇವೆ. ನವೆಂಬರ್ ಮೂರನೇ ಗುರುವಾರ ಬರುವ ನೊವೊ ಒಂದನ್ನೇ ಕುಡಿದು ಬೋಜೊಲೆಯನ್ನು ಅಳೆಯಬೇಡಿ. ಒಳ್ಳೆ ಮೊರ್ಗೊನ್ ಹತ್ತು ವರ್ಷವೂ ನಿಲ್ಲುತ್ತದೆ.