ಜೋಳದ ರೊಟ್ಟಿ ಬಿರಿಯದಿರಲು ಕುದಿಯುವ ಎಸರು
ಜೋಳದ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತಿದೆಯಾ? ಹಿಟ್ಟನ್ನು ತಣ್ಣೀರಲ್ಲಿ ಕಲಸಬೇಡಿ. ನಡುವೆ ಗುಳಿ ಮಾಡಿ ಕಳಕಳ ಕುದಿಯುವ ಎಸರು (ಕುದಿನೀರು) ಹಾಕಿ, ಸೌಟಿನಲ್ಲಿ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ, ಬಿಸಿನೀರಿಗೆ ಪಿಷ್ಟ ಅರೆಬೆಂದು ಅಂಟಾದರೇ ಹಿಟ್ಟು ಕೂಡಿಕೊಳ್ಳುವುದು. ಒಂದು ರೊಟ್ಟಿಗಾಗುವಷ್ಟು ಉಂಡೆ ತೆಗೆದು, ತಟ್ಟುವ ಮುಂಚೆ ಮತ್ತೊಮ್ಮೆ ಅಂಗೈಯಲ್ಲಿ ಒತ್ತಿ ನಾದಿ. ಇದನ್ನು ಮಾತ್ರ ಬಿಡಬೇಡಿ! ಹೆಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಿ, ನೀರು ಆರುತ್ತಿದ್ದಂತೆ ಮಗುಚಿ. ಬೀಸಿ ತಿಂಗಳುಗಟ್ಟಲೆ ಆದ ಹಿಟ್ಟಾದರೆ ಎಸರಿನಿಂದಲೂ ಜಾಸ್ತಿ ಪ್ರಯೋಜನ ಇಲ್ಲ, ಜಿಗಿ ಹೋಗಿರುತ್ತದೆ. ಬಿಳಿ ಜೋಳ ತಂದು ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಿ. ಜೊತೆಗೆ ಎಣಗಾಯಿ, ಶೇಂಗಾ ಚಟ್ನಿಪುಡಿ ಇದ್ದರೆ ಇನ್ನೇನು ಬೇಕು ಅಲ್ವಾ?