ಮುದ್ದೆ ನುಂಗೋನು ಅಗಿಯೋದು ಕಲಿತ ಕಥೆ

ಅಮೆರಿಕದ ಮಿಶಿಗನ್‌ಗೆ ಬಂದ್ಮೇಲೆ ನೈಟ್ ಶಿಫ್ಟು, ಹದಿನೈದು ನಿಮಿಷದ ಬ್ರೇಕಲ್ಲಿ ಡಬ್ಬಿ ಅನ್ನ ಗಬಗಬ ನುಂಗಿ ಮತ್ತೆ ಮಷೀನ್ ಮುಂದೆ ನಿಲ್ಲೋದು, ಹಿಂಗೇ ಇದ್ದು ಇದ್ದು ಹೊಟ್ಟೆ ಉಬ್ಬರ ಹುಳಿತೇಗು ಎದೆಯುರಿ ಎಲ್ಲಾ ಸೇರ್ಕೊಂಡ್ವು. ಡಾಕ್ಟ್ರು ಟೆಸ್ಟ್ ಮಾಡ್ಸಿ ದೊಡ್ಡದೇನಿಲ್ಲ, ನಿಧಾನಕ್ಕೆ ತಿನ್ನಿ ಅಂದ್ರು.

ಅದೇ ಟೈಮಲ್ಲಿ ಬ್ಯಾಟಲ್ ಕ್ರೀಕ್ ಊರಿಗೆ ಹೋಗಿದ್ದೆ. ಅಲ್ಲಿ ಹಳೇ ಸ್ಯಾನಿಟೇರಿಯಂ, ಅಂದ್ರೆ ಆರೋಗ್ಯಧಾಮದ ಕಟ್ಟಡ ಇನ್ನೂ ನಿಂತಿದೆ, ಈಗ ಸರ್ಕಾರಿ ಆಫೀಸು. 1866ರಲ್ಲಿ ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಪಂಗಡದವ್ರು ಶುರು ಮಾಡಿದ ಸಂಸ್ಥೆ, 1876ರಿಂದ ಡಾ. ಜಾನ್ ಹಾರ್ವೆ ಕೆಲಾಗ್ ನಡೆಸಿದ್ರು. ಮಾಂಸ ಬೇಡ, ಟೀ ಕಾಫಿ ಬೇಡ, ಖಾರ ಮಸಾಲೆ ಬೇಡ. ಹೊರೇಸ್ ಫ್ಲೆಚರ್ ಅನ್ನೋ ವ್ಯಾಪಾರಿ ತುತ್ತು ಬಾಯಲ್ಲೇ ನೀರಾಗೋ ತನಕ ಅಗೀರಿ ಅಂತ ಸಾರ್ತಿದ್ದ, ಕೆಲಾಗ್ ಅದನ್ನ ಒಪ್ಕೊಂಡು ಪೇಷೆಂಟ್‌ಗಳಿಗೆ ಅಗಿಯೋ ಹಾಡನ್ನೇ ಹೇಳಿಕೊಡ್ತಿದ್ರು. ಇದು ಓದಿ ನಂಗೆ ನನ್ನ ಡಬ್ಬಿನೇ ನೆನಪಾಯ್ತು.

ಶುರು ಮಾಡಿದ್ದು ಚಪಾತಿ ಪಲ್ಯದಲ್ಲಿ, ಯಾಕಂದ್ರೆ ಸಾರು ಅನ್ನ ಅಗಿಯೋಕೆ ಮುಂಚೆನೇ ಗಂಟಲಲ್ಲಿ ಜಾರ್ಕೊಂಡು ಹೋಗುತ್ತೆ. ಒಂದು ತುತ್ತು ಬಾಯಿಗಿಟ್ಟು ಕೈ ತಟ್ಟೆಯಿಂದ ತೆಗೆದು ಮಡಿಲಲ್ಲಿ ಇಟ್ಕೊಳ್ಳೋದು, ಅದು ಪೂರ್ತಿ ಹೋದ್ಮೇಲೇ ಮುಂದಿನದು. ಎಷ್ಟು ಸಲ ಅಗಿದೆ ಅಂತ ಎಣಿಸೋದು ಮೂರೇ ದಿನಕ್ಕೆ ಬಿಟ್ಟೆ, ಎಣಿಸ್ತಾ ಕೂತ್ರೆ ರುಚಿನೇ ಗೊತ್ತಾಗಲ್ಲ. ಅನ್ನ ಬೇಕಾದ್ರೆ ಕಾಳು ಪಲ್ಯ ಜೊತೆ ತಿಂದು ಸಾರು ಲೋಟದಲ್ಲಿ ಕುಡೀತೀನಿ. ಮುದ್ದೆ ಮಾತ್ರ ಅಗಿಯೋಕೆ ಹೋಗ್ಲಿಲ್ಲ, ಮುದ್ದೆ ಅಗೀಬಾರ್ದು ನುಂಗ್ಬೇಕು ಅಂತ ಮಂಡ್ಯದಲ್ಲಿ ಅವ್ವ ಕಲಿಸಿದ್ದು, ಹಂಗೇ ನುಂಗ್ತೀನಿ, ಉಪ್ಸಾರಿನ ಕಾಳು ಅಗೀತೀನಿ.

ಫ್ಲೆಚರ್ ಅಗಿದು ಉಳಿದ ನಾರು ಉಗೀರಿ ಅಂತಿದ್ದ, ಅದು ತಪ್ಪು, ಹೊಟ್ಟೆಗೆ ನಾರು ಬೇಕು, ಕೆಲಾಗ್ ಕೂಡ ಆಮೇಲೆ ಅಲ್ಲೇ ದೂರ ಸರಿದ್ರು. ಕೆಲಾಗ್ ಪೇಷೆಂಟ್‌ಗಳಿಗೆ ಕೊಡ್ತಿದ್ದ ಎನಿಮಾನೂ (ಗುದದಿಂದ ನೀರು ಬಿಟ್ಟು ಕರುಳು ತೊಳೆಯೋದು) ಎರಡು ಸಲ ಮನೇಲಿ ಮಾಡ್ಕೊಂಡು ಹೊಟ್ಟೆ ಹಿಂಡಿ ಸುಸ್ತಾಗಿ ಮಲಗಿದೆ, ದಯವಿಟ್ಟು ನೀವು ಮಾಡ್ಕೋಬೇಡಿ. ಕರುಳಲ್ಲಿ ನಿಂತ ಮಲದ ವಿಷ ರಕ್ತಕ್ಕೆ ಸೇರಿ ತಲೆನೋವು ಸುಸ್ತು ಬರುತ್ತೆ ಅನ್ನೋದು ಆ ಕಾಲದ ನಂಬಿಕೆ. 1919ರಲ್ಲೇ ವಾಲ್ಟರ್ ಆಲ್ವರೆಜ್ ಅನ್ನೋ ಡಾಕ್ಟ್ರು, ಆ ತಲೆನೋವು ಸುಸ್ತು ಎಲ್ಲಾ ವಿಷದಿಂದ ಅಲ್ಲ, ಗುದನಾಳ ತುಂಬಿ ಹಿಗ್ಗೋದ್ರಿಂದ ಬರುತ್ತೆ, ಹತ್ತಿ ತುಂಬಿದ್ರೂ ಹಂಗೇ ಆಗುತ್ತೆ ಅಂತ ಬರೆದ್ರು.

ಎರಡು ತಿಂಗಳಿಗೆ ತೇಗು ನಿಂತ್ತು, ಉಬ್ಬರ ಕಮ್ಮಿ ಆಯ್ತು. ಹದಿನೈದು ನಿಮಿಷಕ್ಕೆ ಡಬ್ಬಿ ಖಾಲಿ ಆಗಲ್ಲ ಈಗ, ಅರ್ಧ ಮೊದಲ ಬ್ರೇಕಲ್ಲಿ, ಇನ್ನರ್ಧ ಮೊಸರು ಹಾಕ್ಕೊಂಡು ಎರಡನೇದ್ರಲ್ಲಿ.