ಹೋಟೆಲಿನಲ್ಲಿ ಊಟ ಕೆಟ್ಟರೆ ಫೇಸ್‌ಬುಕ್ಕಿಗೆ ಏನು ಬರೆಯಬೇಕು, ಹೇಗೆ ಬರೆಯಬೇಕು

ಅವತ್ತು ನಮ್ಮ ಅತ್ತೆಯವರಿಗೆ 70 ತುಂಬಿತ್ತು. ರವಿವಾರ ರಾತ್ರಿ ಆರು ಮಂದಿ ಸೇರಿ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಒಂದು ಹೋಟೆಲಿಗೆ ಹೋಗಿದ್ದೆವು. 8:10ಕ್ಕೆ ಆರ್ಡರ್ ಕೊಟ್ಟರೆ 9 ಗಂಟೆಯಾದರೂ ಟೇಬಲ್ ಮೇಲೆ ನೀರಿನ ಲೋಟ ಬಿಟ್ಟು ಏನೂ ಇಲ್ಲ. ಕೊನೆಗೆ ಪನೀರ್ ಟಿಕ್ಕಾ ಬಂತು. ಮೇಲೆ ಮಸಾಲೆ ಕೆಂಪಗೆ ಚೆಂದ ಇತ್ತು. ಚಮಚದಿಂದ ಮಸಾಲೆ ಸರಿಸಿ ನೋಡಿದರೆ ಪನೀರಿನ ಅಂಚು ಹಳದಿಗೆ ತಿರುಗಿತ್ತು. ಒಳ್ಳೆಯ ಪನೀರ್ ಒತ್ತಿದರೆ ಹರಳು ಹರಳಾಗಿ ಒಡೆಯುತ್ತದೆ; ಇದು ಬೆರಳಿಗೆ ಅಂಟಿ ಎಳೆ ಎಳೆಯಾಗಿ ಬಂತು. ಅತ್ತೆ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು, "ಯವ್ವಾ, ಇದು ಹಳಸೈತಿ. ಮೊದಲ ಹುಡುಗನ ಕೈಯಾಗಿಂದು ಕಸ್ಗೋ" ಅಂದರು. ಅಷ್ಟರಲ್ಲಿ ನನ್ನ ಮಗ ಎರಡು ತುಂಡು ತಿಂದಾಗಿತ್ತು. ರಾತ್ರಿ 1:30ಕ್ಕೆ ಅವನಿಗೆ ವಾಂತಿ ಶುರುವಾಯಿತು.

ಅವನು ಮಲಗಿದ ಮೇಲೆ ನಾನು ಫೋನ್ ಹಿಡಿದು ಕೂತೆ. "ಕಳ್ಳರು, ವಿಷ ಹಾಕ್ತಾರ, ಯಾರೂ ಹೋಗಬ್ಯಾಡ್ರಿ" ಅಂತ ಬರೆದು, ಕೈಗೆ ಸಿಕ್ಕ ಫೋಟೋ ಹಾಕಿದೆ. ಅದರಲ್ಲಿ ಬಡಿಸಲು ಬಂದ ಸಪ್ಲಾಯರ್ ಹುಡುಗನ ಮುಖ ಪೂರ್ತಿ ಕಾಣುತ್ತಿತ್ತು. ಬೆಳಗಾಗುವಷ್ಟರಲ್ಲಿ ಕಾಮೆಂಟುಗಳ ಸಾಲು. ಪನೀರಿನ ಬಗ್ಗೆ ಎರಡೋ ಮೂರೋ ಇದ್ದವು. ಉಳಿದದ್ದೆಲ್ಲ ಆ ಹುಡುಗ ಯಾವ ಊರವನು, ಅವನಿಗೆ ಏನು ಮಾಡಬೇಕು ಅಂತ. ಏಳು ಗಂಟೆಗೆ ಅಪ್ಪನ ಫೋನ್ ಬಂತು. ಅವರು ಗದಗ-ಬೆಟಗೇರಿಯಲ್ಲಿ 26 ವರ್ಷ ಖಾನಾವಳಿ ನಡೆಸಿದವರು. "ಪನೀರ್ ಯಾವತ್ತ ತಂದಾರ, ಫ್ರಿಜ್ಜಿನಾಗ ಇಟ್ಟಿದ್ರೋ ಇಲ್ಲೋ, ಬಡಸೋ ಹುಡುಗಗ ಏನ್ ಗೊತ್ತವ್ವಾ? ಅವನ ಮಾರಿ ಯಾಕ ಹಾಕಿದಿ? ತಾಟಿನ ಫೋಟೋ ಹಾಕು" ಅಂದರು. ನಾನು ಆಗಲೇ ಅದನ್ನು ಅಳಿಸಿದೆ. ಆ ಐದು ತಾಸಿನಲ್ಲಿ ಎಷ್ಟು ಮಂದಿ ಆ ಹುಡುಗನ ಫೋಟೋ ಉಳಿಸಿಕೊಂಡರೋ ಗೊತ್ತಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೂ ಇಂಥ ರಾತ್ರಿ ಬಂದರೆ ಏನು ಮಾಡಬೇಕು ಅನ್ನುವುದು ಮೊದಲೇ ಗೊತ್ತಿರಲಿ.

ಕೆಲಸ ಶುರುವಾಗುವುದು ಟೇಬಲ್ಲಿನಲ್ಲೇ. ಪದಾರ್ಥ ಕೆಟ್ಟಿದೆ ಅನಿಸಿದ ಕೂಡಲೇ ಎಲ್ಲರೂ ತಿನ್ನುವುದನ್ನು ನಿಲ್ಲಿಸಿ, ತಾಟನ್ನು ಹಾಗೇ ಬಿಡಿ. ಮುಕ್ಕಾಲು ತಿಂದು ಮುಗಿಸಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮಪ್ಪನೂ ನಂಬುತ್ತಿರಲಿಲ್ಲ, ಅದನ್ನು ಅವರೇ ಹೇಳಿದ್ದಾರೆ. ಸಪ್ಲಾಯರ್ ಮೇಲೆ ಕೂಗಾಡಬೇಡಿ. "ತಮ್ಮಾ, ಮ್ಯಾನೇಜರ್ ಸಾಹೇಬ್ರನ್ನ ಸ್ವಲ್ಪ ಕರಿ" ಅಂದರೆ ಸಾಕು. ಮ್ಯಾನೇಜರ್ ಬಂದರೆ ತಾಟನ್ನು ಅವರ ಮುಂದೆ ಇಟ್ಟು, ವಾಸನೆ ನೋಡಲು ಹೇಳಿ, ಬದಲಿಸಿ ಕೊಡುತ್ತೀರಾ ಅಥವಾ ಬಿಲ್ಲಿನಿಂದ ತೆಗೆಯುತ್ತೀರಾ ಅಂತ ಒಂದೇ ಪ್ರಶ್ನೆ ಕೇಳಿ. ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಮಗೆ ಸಿಕ್ಕ ಉತ್ತರ: "ಅದು ಮಸಾಲಿ ವಾಸನಿ ಮೇಡಂ." ಆ ನಾಲ್ಕು ಪದ ಆಮೇಲೆ ನನ್ನ ಇಡೀ ಬರಹಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು.

ಫೋಟೋ ತೆಗೆಯುವಾಗ ತಾಟಿನ ಹತ್ತಿರ ಹೋಗಿ. ಒಂದು ಇಡೀ ತಾಟಿನದು, ಒಂದು ಕೆಟ್ಟ ಭಾಗದ್ದು. ಪಕ್ಕದ ಟೇಬಲ್ಲಿನವರು, ಮಕ್ಕಳು, ಕೆಲಸದವರು, ಯಾರ ಮುಖವೂ ಚೌಕಟ್ಟಿನಲ್ಲಿ ಬರಬಾರದು. ಫಿಲ್ಟರ್ ಹಾಕಬೇಡಿ. ಮೂಲ ಫೋಟೋದಲ್ಲಿ ತೆಗೆದ ದಿನ, ಸಮಯ ಉಳಿದಿರುತ್ತದೆ, ಅದನ್ನು ಅಳಿಸಬೇಡಿ.

ಇನ್ನು ಬಿಲ್ಲು. ನಮ್ಮದರಲ್ಲಿ ಊಟದ ಮೊತ್ತ 2,180 ರೂಪಾಯಿ. ಅದರ ಕೆಳಗೆ ಸರ್ವಿಸ್ ಚಾರ್ಜ್ 10%, ಅಂದರೆ 218. ಎರಡೂ ಸೇರಿ 2,398ರ ಮೇಲೆ ಸಿಜಿಎಸ್‌ಟಿ 2.5%, ಎಸ್‌ಜಿಎಸ್‌ಟಿ 2.5%. ಒಟ್ಟು 2,518. ಜಿಎಸ್‌ಟಿ ಸರಕಾರದ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಅದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ನಮ್ಮನೆಯವರು ಗಲ್ಲಾದ ಹತ್ತಿರ ಹೋಗಿ ಇಷ್ಟನ್ನೇ ಮೆಲ್ಲಗೆ ಹೇಳಿದರು. ಹೊಸ ಬಿಲ್ಲು 2,289ಕ್ಕೆ ಬಂತು. 229 ರೂಪಾಯಿ ಉಳಿಯಿತು, ಆದರೆ ಪನೀರಿನ 320 ಹಾಗೇ ಇತ್ತು. ಹಳೆಯ ಬಿಲ್ಲು, ಹೊಸ ಬಿಲ್ಲು ಎರಡನ್ನೂ ಇಟ್ಟುಕೊಳ್ಳಿ. ಮನೆಗೆ ಬಂದ ಕೂಡಲೇ ಅವುಗಳ ಫೋಟೋ ತೆಗೆಯಿರಿ, ಯಾಕೆಂದರೆ ಯಂತ್ರದಿಂದ ಬರುವ ಆ ನುಣುಪು ಕಾಗದದ ಅಕ್ಷರ ಬಿಸಿಲು ತಾಗಿದರೆ ಮಾಸಿಹೋಗುತ್ತದೆ. ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಸಂಖ್ಯೆ, ಇದೆಯೇ ನೋಡಿ. 2022ರ ಜನವರಿ 1ರಿಂದ ಅದನ್ನು ಮುದ್ರಿಸುವುದು ಕಡ್ಡಾಯ. ದೂರು ಕೊಡುವಾಗ ಹೋಟೆಲಿನ ಹೆಸರಿಗಿಂತ ಈ ಸಂಖ್ಯೆಯೇ ಗಟ್ಟಿ ಗುರುತು.

ಮನೆಯಲ್ಲಿ ಯಾರಿಗಾದರೂ ವಾಂತಿ, ಭೇದಿ ಆದರೆ ಮೊದಲು ಡಾಕ್ಟರು, ಆಮೇಲೆ ಫೇಸ್‌ಬುಕ್ಕು. ಒಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಡಾಕ್ಟರ ಚೀಟಿಯಲ್ಲಿ ದಿನ, ಸಮಯ, ಏನು ತಿಂದದ್ದು ಅನ್ನುವುದನ್ನು ಬರೆಸಿಕೊಳ್ಳಿ. ಒಂದು ವಿಷಯ ನನಗೆ ಆಮೇಲೆ ಡಾಕ್ಟರಿಂದ ತಿಳಿಯಿತು: ಕೆಲವು ಬ್ಯಾಕ್ಟೀರಿಯಾಗಳ ವಿಷ ಅರ್ಧ ತಾಸಿನಿಂದ ಎಂಟು ತಾಸಿನೊಳಗೆ ವಾಂತಿ ತರಿಸುತ್ತದೆ, ಸಾಲ್ಮೊನೆಲ್ಲಾದಂಥವು ಆರು ತಾಸಿನಿಂದ ಹಿಡಿದು ಐದಾರು ದಿನ ಬಿಟ್ಟೂ ಕಾಟ ಕೊಡಬಹುದು. ಕೊನೆಯಲ್ಲಿ ತಿಂದದ್ದೇ ಕಾರಣ ಅಂತ ನಾವು ತೀರ್ಮಾನ ಕೊಡಲಾಗದು. ಹಾಗಾಗಿ "ಇವರ ಪನೀರಿನಿಂದ ಮಗನಿಗೆ ವಿಷಾಹಾರವಾಯಿತು" ಎಂದು ಬರೆಯಬೇಡಿ. "9:05ಕ್ಕೆ ತಿಂದ, 1:30ಕ್ಕೆ ವಾಂತಿಯಾಯಿತು" ಎಂದು ಬರೆಯಿರಿ. ಓದುವವರಿಗೆ ಅಷ್ಟು ಸಾಕು.

ಬರೆಯುವುದು ಬೆಳಿಗ್ಗೆ, ಚಹಾ ಕುಡಿದ ಮೇಲೆ. ರಾತ್ರಿ ಬೇಡ. ನಾನು ಎರಡನೇ ಸಲ ಬರೆದದ್ದನ್ನು ಪೂರ್ತಿ ಇಲ್ಲಿ ಕೊಡುತ್ತೇನೆ, ಬೇಕಾದರೆ ಇದರ ಅಚ್ಚಿನಲ್ಲೇ ನಿಮ್ಮದನ್ನು ಬರೆಯಿರಿ:

"ರವಿವಾರ ರಾತ್ರಿ ಆರು ಮಂದಿ ಹೋಗಿದ್ದೆವು. 8:10ಕ್ಕೆ ಆರ್ಡರ್ ಕೊಟ್ಟೆವು. ಮೊದಲ ಪದಾರ್ಥ ಬಂದದ್ದು 9:05ಕ್ಕೆ. ಪನೀರ್ ಟಿಕ್ಕಾ ಹುಳಿ ವಾಸನೆ ಬರುತ್ತಿತ್ತು, ಅಂಚು ಲೋಳೆಯಾಗಿತ್ತು, ಫೋಟೋ ಹಾಕಿದ್ದೇನೆ. ಮ್ಯಾನೇಜರಿಗೆ ತೋರಿಸಿದಾಗ 'ಅದು ಮಸಾಲಿ ವಾಸನಿ' ಎಂದರು. ಬದಲಿಸಿ ಕೊಡಲಿಲ್ಲ, 320 ರೂಪಾಯಿ ಬಿಲ್ಲಿನಿಂದ ತೆಗೆಯಲಿಲ್ಲ. 10% ಸರ್ವಿಸ್ ಚಾರ್ಜ್ ಸೇರಿಸಿದ್ದರು, ಕೇಳಿದ ಮೇಲೆ ತೆಗೆದರು. ಎರಡು ತುಂಡು ತಿಂದಿದ್ದ 9 ವರ್ಷದ ಮಗನಿಗೆ ರಾತ್ರಿ 1:30ಕ್ಕೆ ವಾಂತಿಯಾಯಿತು. ದಾಲ್, ರೋಟಿ ಚೆನ್ನಾಗಿದ್ದವು. ಬಡಿಸಿದ ಹುಡುಗ ಮರ್ಯಾದೆಯಿಂದ ನಡೆದುಕೊಂಡ."

ದಾಲ್ ಚೆನ್ನಾಗಿತ್ತು ಅಂತ ಯಾಕೆ ಬರೆದಿ ಎಂದು ನಾದಿನಿ ಕೇಳಿದಳು. ಚೆನ್ನಾಗಿತ್ತು, ಅದಕ್ಕೆ ಬರೆದೆ. ಒಳ್ಳೆಯದನ್ನೂ ಹೇಳುವವರು ಕೆಟ್ಟದ್ದನ್ನು ಹೇಳಿದಾಗ ಜನ ನಂಬುತ್ತಾರೆ. ಕೊನೆಯ ಸಾಲು ಮಾತ್ರ ನನ್ನ ಮೊದಲ ಪೋಸ್ಟಿನ ತಪ್ಪಿಗಾಗಿ. ಅದನ್ನು ಅವನ ಮಾಲೀಕರು ಓದಲಿ ಅನ್ನುವ ಆಸೆಯಿಂದ ಬರೆದೆ.

"ಕಳ್ಳರು", "ವಿಷ", "ಮೋಸಗಾರರು" ಅನ್ನುವ ಪದ ಹಾಕಬೇಡಿ. ಇವು ಕಂಡದ್ದಲ್ಲ, ನಾವು ಕೊಟ್ಟ ತೀರ್ಪು. ಮಾನಹಾನಿ ಇವತ್ತಿಗೂ ಅಪರಾಧವೇ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಸಾರ್ವಜನಿಕರ ಒಳಿತಿಗಾಗಿ ಹೇಳಿದ ನಿಜಕ್ಕೆ ಅದೇ ಕಲಮಿನಲ್ಲಿ ರಕ್ಷಣೆ ಇದೆ. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು, ಬಿಲ್ಲಿನಲ್ಲಿರುವುದು, ಅವರು ಆಡಿದ ಮಾತು: ಇಷ್ಟರೊಳಗೆ ಇದ್ದರೆ ಹೆದರುವ ಕಾರಣವಿಲ್ಲ.

ಎಲ್ಲಿ ಹಾಕಬೇಕು? ಗೂಗಲ್ ಮ್ಯಾಪಿನ ರಿವ್ಯೂ ಮೊದಲು, ಯಾಕೆಂದರೆ ಮುಂದಿನ ರವಿವಾರ ಊಟಕ್ಕೆ ಹೊರಡುವ ಕುಟುಂಬ ಅಲ್ಲೇ ನೋಡುವುದು, ಬೇಕಾದಾಗ ತಿದ್ದಲೂಬಹುದು. ಆಮೇಲೆ ಫೇಸ್‌ಬುಕ್. ವಾಟ್ಸಾಪ್ ಗುಂಪಿಗೆ ಹಾಕಿದ್ದು ಮಾತ್ರ ನಮ್ಮ ಕೈ ಮೀರಿ ಹೋಗುತ್ತದೆ. ನಮ್ಮ ಬಳಗದ ಗುಂಪಿನಲ್ಲಿ ನಾದಿನಿ "ಎಲ್ಲಾರೂ ಒಂದೊಂದು ಸ್ಟಾರ್ ಒತ್ತ್ರಿ" ಅಂದಳು. ಹಾವೇರಿಯಲ್ಲಿ ಕೂತು ಆ ಹೋಟೆಲಿನ ಬಾಗಿಲೂ ನೋಡದವರು ಸ್ಟಾರ್ ಒತ್ತುವುದು ಸುಳ್ಳು ಸಾಕ್ಷಿ. ಗೂಗಲ್‌ನ ನಿಯಮಕ್ಕೂ ಅದು ವಿರುದ್ಧ. ಬೇಡ ಅಂದೆ.

ಪೋಸ್ಟ್ ಹಾಕಿದರೆ ದೂರು ಕೊಟ್ಟಂತಾಗುವುದಿಲ್ಲ. ಆಹಾರ ಕೆಟ್ಟದ್ದಕ್ಕೆ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಫೋಟೋ, ಬಿಲ್ಲು ಸಮೇತ ದೂರು ಹಾಕಬಹುದು. ಸರ್ವಿಸ್ ಚಾರ್ಜಿನಂಥ ಹಣದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಉಳಿದ ಪನೀರನ್ನು ಡಬ್ಬಿಯಲ್ಲಿ ತಂದು ಲ್ಯಾಬಿಗೆ ಕೊಡೋಣ ಅಂದುಕೊಂಡಿದ್ದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ಆದರೆ ಹಾಗೆ ಮಾಡಿಸುತ್ತೇವೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಮನೆಯ ಫ್ರಿಜ್ಜಿನಲ್ಲಿ ಇಟ್ಟ ಪನೀರಿಗೆ ಆ ಬೆಲೆ ಇಲ್ಲ. ದೊಡ್ಡ ನಷ್ಟವಾಗಿದ್ದರೆ, ಆಸ್ಪತ್ರೆ ಸೇರಿದ್ದರೆ, ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ಹೋಗಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನನ್ನ ಮಗ ಎರಡು ದಿನಕ್ಕೆ ಎದ್ದು ಓಡಾಡಿದ, ನಾವು ಅಲ್ಲಿಯವರೆಗೆ ಹೋಗಲಿಲ್ಲ.

ನಾಲ್ಕನೇ ದಿನ ಮಾಲೀಕರು ಫೋನ್ ಮಾಡಿದರು. ಮಾತು ಸೌಜನ್ಯದ್ದೇ. ಆ ಪೋಸ್ಟ್ ತೆಗೆದರೆ ಇಡೀ ಕುಟುಂಬಕ್ಕೆ ಒಂದು ಊಟ ನಮ್ಮ ಕಡೆಯಿಂದ ಅಂದರು. ಇಂಥ ಫೋನ್ ನಿಮಗೂ ಬರುತ್ತದೆ, ಮೊದಲೇ ಯೋಚಿಸಿಟ್ಟುಕೊಳ್ಳಿ. ನಮ್ಮ ಹಣ ನಮಗೆ ವಾಪಸ್ ಬರುವುದು ನ್ಯಾಯ, ಅದನ್ನು ಇಸಿದುಕೊಳ್ಳಿ. ಅಳಿಸುವುದಕ್ಕಾಗಿ ಕೊಡುವ ಊಟ ಬೇಡ. ನಾನು ಹೇಳಿದೆ: "ಅಣ್ಣಾರ, 320 ರೂಪಾಯಿ ಕೊಡ್ರಿ, ಅಡಿಗಿಮನ್ಯಾಗ ಏನ್ ಬದಲ ಮಾಡಿದ್ರಿ ಹೇಳ್ರಿ. ಅದನ್ನೂ ಅಲ್ಲೇ ಬರೀತೇನಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕೆಟ್ಟಿದ್ದ ಫ್ರಿಜ್ ಒಂದನ್ನು ರಿಪೇರಿಗೆ ಕಳಿಸಿದ್ದೇವೆ ಅಂದರು. ಸಂಜೆಗೆ ದುಡ್ಡು ಫೋನ್‌ಪೇಗೆ ಬಂತು. ರಿವ್ಯೂ ಕೆಳಗೆ ಅವತ್ತೇ ಸೇರಿಸಿದೆ: "ಗುರುವಾರ: ಮಾಲೀಕರು ತಾವಾಗಿ ಫೋನ್ ಮಾಡಿ ಕ್ಷಮೆ ಕೇಳಿದರು, ಪನೀರಿನ ಹಣ ಮರಳಿಸಿದರು, ಕೆಟ್ಟಿದ್ದ ಫ್ರಿಜ್ ರಿಪೇರಿಗೆ ಕಳಿಸಿದ್ದಾಗಿ ತಿಳಿಸಿದರು. ನಾವು ಮತ್ತೆ ಹೋಗಿ ನೋಡಿಲ್ಲ."